ಅಳುಮೋರೆ ಡಬ್ಬಿಯೊಳಗಿನ ಪಟಿಕ

ನನ್ನ ಸೋದರಮಾವನಿಗೆ ಒಂದು ಒಳ್ಳೆಯ ಹೆಸರಿತ್ತು. ಅದು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಪಟಿಕದಣ್ಣ. ಸರಕಾರಿ ಆಸ್ಪತ್ರೆಯ ಕ್ಷೌರಿಕ ಅವನು. ಆಪರೇಷನ್ನಿಗೆ ಮುಂಚೆ ರೋಗಿಯ ಮೈಮೇಲೆ ಎಲ್ಲಿ ಕೊಯ್ಯಬೇಕೋ ಅಲ್ಲಿಯ ಕೂದಲು ತೆಗೆದು ನುಣ್ಣಗೆ ಮಾಡುವುದು ಅವನ ಕೆಲಸ. ಅದು ಮುಗಿದ ಮೇಲೆ ಆಸ್ಪತ್ರೆಯವರು ಕೊಟ್ಟ ಸ್ಪಿರಿಟ್ಟು ಹಚ್ಚಿ, ಅದರ ಮೇಲೆ ತನ್ನ ಸ್ವಂತ ಪಟಿಕವನ್ನೂ ಉಜ್ಜುತ್ತಿದ್ದ. ಒಂದೇ ಗಡ್ಡೆಯನ್ನು ಊರವರ ಹೊಟ್ಟೆಗೆಲ್ಲ ಉಜ್ಜಬಾರದು ಎಂದು ನಾನು ಅದೇ ಆಸ್ಪತ್ರೆಗೆ ನರ್ಸಾಗಿ ಸೇರಿದ ಮೊದಲ ವಾರವೇ ಜಗಳವಾಡಿದೆ. ಅಂದಿನಿಂದ ಚೂರು ಕೆರೆದು ನೀರಿಗೆ ಹಾಕಿ ಹತ್ತಿಯಲ್ಲಿ ಒರೆಸತೊಡಗಿದ. ಪೂರ್ತಿ ಬಿಡಲಂತೂ ಇಲ್ಲ. "ಸ್ಪಿರಿಟ್ಟು ಸರಕಾರದ್ದು ಕಣೇ, ಉರಿಯುತ್ತೆ. ಪಟಿಕ ನನ್ನದು, ತಂಪು" ಎನ್ನುತ್ತಿದ್ದ.

ಮಾವ ಜಂಬದ ಮನುಷ್ಯ. ಮೀಸೆಗೆ ಕಪ್ಪು ಹಚ್ಚುತ್ತಿದ್ದ, ತಲೆಗೆ ಹಚ್ಚುತ್ತಿರಲಿಲ್ಲ. ಆದ್ದರಿಂದ ಮುಖದ ಕೆಳಭಾಗಕ್ಕೆ ಮೇಲ್ಭಾಗಕ್ಕಿಂತ ಇಪ್ಪತ್ತು ವರ್ಷ ಕಮ್ಮಿ ವಯಸ್ಸು. ಅವನ ಅಪ್ಪನದು ಬೀದಿ ಮೂಲೆಯಲ್ಲಿ ಒಂದೇ ಕುರ್ಚಿಯ ಅಂಗಡಿ. ಬಲೂನು ಊದಿ ನೊರೆ ಹಚ್ಚಿ ಅದರ ಮೇಲೆ ಕತ್ತಿ ಆಡಿಸಿ ಕಲಿತವನು ಮಾವ. ಬಲೂನು ಒಡೆದರೆ ಅಪ್ಪನ ಕೈ ಬೆನ್ನಿನ ಮೇಲೆ. ಅಂಗಡಿಯಲ್ಲಿ ಗಿರಾಕಿಗಳು ಕನ್ನಡಿ ನೋಡಿ ತಪ್ಪು ಹುಡುಕುತ್ತಾರೆ, ಆಸ್ಪತ್ರೆಯಲ್ಲಿ ಮಲಗಿದವನಿಗೆ ಕನ್ನಡಿ ಕೊಡುವವರಿಲ್ಲ ಎಂಬ ಒಂದೇ ಕಾರಣಕ್ಕೆ ಈ ಕೆಲಸಕ್ಕೆ ಸೇರಿದೆ ಎಂದು ಅವನೇ ಹೇಳುತ್ತಿದ್ದ. ಸೇರಿದ ಮೇಲೆ ಮಾತ್ರ ನೆಲ ಕಾಣಲಿಲ್ಲ. "ದೊಡ್ಡ ಡಾಕ್ಟ್ರು ಕತ್ತಿ ಹಿಡಿಯೋಕೆ ಮುಂಚೆ ನಾನು ಹಿಡೀಬೇಕು. ಈಗ ಹೇಳಿ, ಯಾರು ದೊಡ್ಡೋರು?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುವನು. ಅತ್ತೆ ಬಡಿಸುತ್ತಲೇ ಹೇಳುವಳು, "ಅವರು ಕೊಯ್ದದ್ದನ್ನ ಅವರೇ ಹೊಲೀಬೇಕು. ನೀವು ಕೊಯ್ದದ್ದು ತಾನಾಗೇ ಬೆಳೆಯುತ್ತೆ. ಅಷ್ಟೇರೀ ವ್ಯತ್ಯಾಸ."

ನನ್ನ ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಇವರ ಮನೆಗೆ ಬಂದೆವು. ಇವರಿಗೆ ಮಕ್ಕಳಿರಲಿಲ್ಲ. ನಾವು ಬಂದದ್ದು ಹೊರೆ ಎಂದು ಒಂದು ದಿನವೂ ಅನ್ನಿಸಗೊಡದೆ ಸಾಕಿದರು. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾವನ ಮೇಲೆ ಹರಿಹಾಯುವುದು ಸಾಕಷ್ಟಿದೆ. ನನ್ನನ್ನು ನರ್ಸಿಂಗ್ ಓದಿಸಿದವನೂ ಅವನೇ. "ಇಸ್ತ್ರಿ ಬಟ್ಟೆ, ಫ್ಯಾನಿನ ಕೆಳಗೆ ಕೆಲಸ, ಎಲ್ಲರೂ ಸಿಸ್ಟರ್ ಸಿಸ್ಟರ್ ಅಂತ ಕರೀತಾರೆ" ಎಂದು ಆಸೆ ಹುಟ್ಟಿಸಿದ. ಕರೆಯುತ್ತಾರೆ ಎಂಬುದು ಸುಳ್ಳಲ್ಲ. ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನಲವತ್ತು ಮಂಚ, ಒಂದು ಪಾಳಿಗೆ ಇಬ್ಬರು ನರ್ಸು. ಒಬ್ಬಳು ರೋಗಿಯನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದರೆ ಉಳಿದವಳು ಒಬ್ಬಳೇ. ನಲವತ್ತು ಬಾಯಿಂದ ಸಿಸ್ಟರ್ ಸಿಸ್ಟರ್ ಎಂದು ಕರೆಸಿಕೊಳ್ಳುತ್ತ ಫ್ಯಾನಿನ ಕೆಳಗೆ ನಿಲ್ಲಲು ಪುರುಸೊತ್ತಿಲ್ಲದೆ ಓಡುವುದು ನನ್ನ ಕೆಲಸ.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಆಜ್ಞೆ ಬಂತು. ಡಾಕ್ಟರು ಮತ್ತು ನರ್ಸುಗಳ ಆರೈಕೆಯಿಂದ ರೋಗಿಗಳಿಗೆ ತೃಪ್ತಿಯಾಗಿದೆಯೇ ಎಂದು ಅಳೆಯಬೇಕು. ಎಲ್ಲಿ ತೃಪ್ತಿ ಕಮ್ಮಿಯೋ ಅಲ್ಲಿಗೆ ಹೆಚ್ಚು ಸಿಬ್ಬಂದಿ ಕೊಡುತ್ತಾರಂತೆ. ಇದನ್ನು ಕೇಳಿ ಇಡೀ ಆಸ್ಪತ್ರೆಯಲ್ಲಿ ಕುಣಿದವಳು ನಾನೊಬ್ಬಳೇ. ನಮ್ಮ ವಾರ್ಡಿನಲ್ಲಿ ತೃಪ್ತಿಯ ಬರಗಾಲಕ್ಕೆ ಕೊರತೆ ಇರಲಿಲ್ಲ. ಮೂರನೇ ನರ್ಸು ಬಂದೇ ಬಂದಳು ಎಂದು ಅವಳಿಗೆ ಕಪಾಟಿನಲ್ಲಿ ಒಂದು ಖಾನೆಯನ್ನೂ ಖಾಲಿ ಮಾಡಿಟ್ಟೆ.

ದೊಡ್ಡ ಡಾಕ್ಟರು ಮೊದಲು ಬಾಗಿಲ ಬಳಿ ಒಂದು ಪೆಟ್ಟಿಗೆ ಇಡಿಸಿದರು, ಪಕ್ಕದಲ್ಲಿ ಚೀಟಿ ಮತ್ತು ದಾರ ಕಟ್ಟಿದ ಪೆನ್ನು. ವಾರದೊಳಗೆ ಪೆನ್ನು ಹೋಗಿ ದಾರ ಉಳಿಯಿತು. ಆಮೇಲೆ ಗುಮಾಸ್ತರನ್ನು ಮಂಚದಿಂದ ಮಂಚಕ್ಕೆ ಕಳಿಸಿದರು. ಹಾಸಿಗೆ ಖಾಲಿ ಮಾಡಿಸಲು ಬಂದವರಿರಬೇಕು ಎಂದು ರೋಗಿಗಳು ಮುಸುಕೆಳೆದು ನರಳತೊಡಗಿದರು. ಕೊನೆಗೆ ಒಂದು ದಿನ ರೌಂಡ್ಸಿಗೆ ಬಂದಾಗ, ಪರದೆಯ ಹಿಂದೆ ಮಾವನೂ ಒಬ್ಬ ರೋಗಿಯೂ ಬೀಗರ ಹಾಗೆ ಹರಟುತ್ತಿರುವುದು ಅವರ ಕಿವಿಗೆ ಬಿತ್ತು. ಅವರಿಗೆ ಜ್ಞಾನೋದಯವಾಯಿತು. "ರೋಗಿ ಮನಸ್ಸು ಬಿಚ್ಚೋದು ಪಟಿಕದಣ್ಣನ ಹತ್ತಿರ ಮಾತ್ರ. ಇನ್ನು ಮುಂದೆ ಇವರೇ ಕೇಳಲಿ" ಎಂದರು.

ಮಾವನ ತಳ್ಳುಗಾಡಿಗೆ ಮೂರು ಸ್ಟೀಲ್ ಡಬ್ಬಿಗಳು ಬಂದವು. ಒಂದಕ್ಕೆ ನಗುವ ಮುಖ ಅಂಟಿಸಿದ್ದರು, ಒಂದಕ್ಕೆ ಸಪ್ಪೆ ಮುಖ, ಇನ್ನೊಂದಕ್ಕೆ ಅಳುವ ಮುಖ. ಜೊತೆಗೆ ಒಂದು ಚೀಲ ಪ್ಲಾಸ್ಟಿಕ್ ಬಿಲ್ಲೆ. ಮಲಗಿದವನು ಕೈ ಚಾಚಿ ಹಾಕುವುದು ಕಷ್ಟ, ಆದ್ದರಿಂದ ಅವನು ಬಾಯಲ್ಲಿ ಹೇಳಬೇಕು, ಮಾವ ಬಿಲ್ಲೆಯನ್ನು ಆಯಾ ಡಬ್ಬಿಗೆ ಹಾಕಬೇಕು. ಮುಚ್ಚಳದಲ್ಲಿ ಸೀಳು ಕೊರೆದಿದ್ದರು. ಬಿಲ್ಲೆ ಬಿದ್ದರೆ ಠಣ್ ಎನ್ನುತ್ತಿತ್ತು.

ಪ್ರಶ್ನೆ ಕೇಳುವುದನ್ನೂ ಮಾವ ಒಂದು ಕಲೆ ಮಾಡಿಕೊಂಡ. ನೊರೆ ಹಚ್ಚಿ, ಕತ್ತಿ ಬಿಚ್ಚಿ, ಹೊಕ್ಕುಳಿಂದ ಕೆಳಗೆ ಒಂದು ಗೆರೆ ಎಳೆದು, ಇನ್ನು ಅಪಾಯದ ಜಾಗಕ್ಕೆ ಇಳಿಯಬೇಕು ಎನ್ನುವಾಗ ಸ್ವಲ್ಪ ನಿಲ್ಲಿಸುವನು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳುವನು, "ಡಾಕ್ಟ್ರು, ನರ್ಸಮ್ಮಂದಿರು ಹೇಗೆ ನೋಡ್ಕೋತಿದಾರೆ ಸ್ವಾಮಿ? ಸತ್ಯ ಹೇಳಿ. ಅಲುಗಾಡಬೇಡಿ."

ರೋಗಿ ಉಸಿರು ಬಿಗಿಹಿಡಿದು ಹೇಳುವನು, "ದೇವರಂಥೋರು!"

ಠಣ್.

ಒಬ್ಬ ಲಾರಿ ಡ್ರೈವರು, ಗಟ್ಟಿ ಆಳು, ಬೆಳಿಗ್ಗೆಯಿಂದ ಗ್ಲೂಕೋಸು ಖಾಲಿಯಾಗಿದೆ ಎಂದು ನನ್ನನ್ನು ಬಾಯಿಗೆ ಬಂದಂತೆ ಬೈದವನು. ಮಾವನ ಕತ್ತಿ ಅವನ ತೊಡೆಯ ಸಂದಿಗೆ ಬಂದಾಗ, "ಈ ಸಿಸ್ಟರ್ ಇದಾರಲ್ಲ, ನನ್ನ ಹೆತ್ತ ತಾಯಿಗಿಂತ ಹೆಚ್ಚು" ಎಂದು ಮೆಲ್ಲಗೆ ಹೇಳಿದ್ದನ್ನು ನಾನೇ ಪರದೆಯ ಈಚೆ ನಿಂತು ಕೇಳಿದ್ದೇನೆ. ಇನ್ನೊಂದು ಸೊಗಸು ಏನೆಂದರೆ, ಕ್ಷೌರ ಆಗುವುದು ಆಪರೇಷನ್ನಿಗೆ ಮುಂಚೆ. ಆರೈಕೆ ಬೇಕಾಗುವುದು ಆಮೇಲೆ. ಊಟಕ್ಕೆ ಕೂರುವ ಮೊದಲೇ ಅಡುಗೆ ಹೇಗಿತ್ತು ಎಂದು ಕೇಳಿದ ಹಾಗೆ. ಈ ಸಣ್ಣ ವಿಷಯ ದೊಡ್ಡ ಡಾಕ್ಟರಿಗೂ ಹೊಳೆಯಲಿಲ್ಲ, ಮೇಲಿನ ಕಚೇರಿಗೂ ಹೊಳೆಯಲಿಲ್ಲ.

ನಗುಮುಖದ ಡಬ್ಬಿಯನ್ನು ತಿಂಗಳಿಗೆರಡು ಸಲ ಖಾಲಿ ಮಾಡಬೇಕಾಯಿತು. ಸಪ್ಪೆಮೋರೆಗೆ ಅಪರೂಪಕ್ಕೆ ಒಂದು ಬೀಳುತ್ತಿತ್ತು, ಅದೂ ಕಿವಿ ಕೇಳಿಸದವರದು. ಅಳುಮೋರೆ ಡಬ್ಬಿಗೆ ಒಂದೂ ಬೀಳಲಿಲ್ಲ. ಸುಮ್ಮನೆ ಯಾಕೆ ಜಾಗ ಹಾಳು ಎಂದು ಮಾವ ಅದರ ಮುಚ್ಚಳ ತೆಗೆದು ಒಳಗೆ ತನ್ನ ಪಟಿಕದ ಗಡ್ಡೆ ಇಟ್ಟುಕೊಂಡ.

ವರ್ಷ ತುಂಬುವ ಹೊತ್ತಿಗೆ ಸುತ್ತಲಿನ ಸರಕಾರಿ ಆಸ್ಪತ್ರೆಗಳಲ್ಲೆಲ್ಲ ನಮ್ಮದೇ ಮೊದಲು ಎಂದು ಪ್ರಕಟವಾಯಿತು. ಮಾವನಿಗೆ ಪ್ರಶಸ್ತಿಪತ್ರ ಕೊಟ್ಟರು. ಅದಕ್ಕೆ ಗಾಜು ಹಾಕಿಸಿ, ಉಂಡರೂ ಕಾಣಬೇಕು, ಮಲಗಿದರೂ ಕಾಣಬೇಕು ಎಂದು ಮನೆಯ ನಡುಗೋಡೆಗೆ ಮೊಳೆ ಹೊಡೆದ. ನಾನು ಮಾರನೆಯ ದಿನವೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಮೂರನೇ ನರ್ಸಿನ ಮಾತೆತ್ತಿದೆ.

"ನಲವತ್ತು ಜನಕ್ಕೆ ಇಬ್ಬರೇ ಸರ್. ಕರೆದಾಗ ಹೋಗೋಕಾಗ್ತಿಲ್ಲ."

ಅವರು ನಕ್ಕರು. ಒಳ್ಳೆಯ ಮನುಷ್ಯ, ಕೆಟ್ಟವರಲ್ಲ. "ಏನಮ್ಮ, ನಿಮ್ಮ ರೋಗಿಗಳು ನಿಮ್ಮನ್ನ ತಾಯಿ ಅಂತಿದಾರೆ, ದೇವರು ಅಂತಿದಾರೆ. ಇನ್ನೊಬ್ಬರನ್ನ ಕೇಳಿದ್ರೆ ಮೇಲಿನೋರು ನನ್ನನ್ನ ನೋಡಿ ನಗಲ್ವ? ಇಬ್ಬರಲ್ಲೇ ಇಷ್ಟು ತೃಪ್ತಿ ಅಂದ್ರೆ, ಒಬ್ಬರಲ್ಲೂ ಆಗಬಹುದಲ್ಲ ಅಂತ ಕೇಳಿದ್ರೆ ಏನು ಹೇಳಲಿ?"

ಇದ್ದದ್ದೂ ಹೋದೀತು ಎಂದು ಬಾಯಿ ಮುಚ್ಚಿಕೊಂಡು ಬಂದೆ. ಕಪಾಟಿನ ಖಾಲಿ ಖಾನೆಯಲ್ಲಿ ನನ್ನ ಸಹೋದ್ಯೋಗಿ ಆಗಲೇ ತನ್ನ ಛತ್ರಿ ಇಟ್ಟಿದ್ದಳು.

ಮನೆಗೆ ಬಂದವಳೇ ಮಾವನ ಮೇಲೆ ಬಿದ್ದೆ. ಚಪ್ಪಲಿ ಬಿಡುವಷ್ಟು ವ್ಯವಧಾನವೂ ಇರಲಿಲ್ಲ. "ನಿನ್ನ ಆ ಡಬ್ಬಿಯಿಂದ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು. ಯಾರು ಮಾವ ತೃಪ್ತಿಯಾಗಿರೋದು? ಆ ಮೂಲೆ ಮಂಚದವನು ಬೆಳಗಿನಿಂದ ಉಚ್ಚೆಗೆ ಪಾಟ್ ಕೇಳಿ ಕೇಳಿ ಮಧ್ಯಾಹ್ನ ಅತ್ತುಬಿಟ್ಟ. ಗೊತ್ತಾ ನಿನಗೆ?"

"ಅವನು ನನಗೆ ಹಾಗೆ ಹೇಳಲಿಲ್ಲವಲ್ಲ" ಎಂದ ಮಾವ, ನಿಜವಾದ ಆಶ್ಚರ್ಯದಿಂದ. "ಬಹಳ ಚೆನ್ನಾಗಿದೆ ಅಂದ. ಎರಡೆರಡು ಸಲ ಅಂದ. ಜನ ನನ್ನ ಹತ್ರ ಸುಳ್ಳು ಹೇಳಲ್ಲ ಕಣೇ ಪುಟ್ಟಿ. ಅವರ ಮೈ ನೋಡಿದೋನು ನಾನು, ನನ್ನ ಹತ್ರ ಏನು ಮುಚ್ಚುಮರೆ?"

ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ. ಕತ್ತಿ ಕೆಳಗಿಟ್ಟು ಒಂದು ಸಲ ಕೇಳಿ ನೋಡ್ರೀ."

"ನಿನಗೇನು ಗೊತ್ತು ವೃತ್ತಿ ಮರ್ಮ" ಎಂದು ಮಾವ ಎದ್ದು ಹೋಗಿ ಪ್ರಶಸ್ತಿಪತ್ರದ ಗಾಜು ಒರೆಸಿದ. ಆಮೇಲೆ ಹದಿನೈದು ದಿನ ನಮ್ಮಿಬ್ಬರ ಮಾತು ಊಟಕ್ಕೆ ಬಾ, ಬಾಗಿಲು ಹಾಕು ಎಂಬಲ್ಲಿಗೆ ನಿಂತಿತು.

ಅವನಿಗೆ ಹರ್ನಿಯಾ ಇದೆ ಎಂದು ನಮಗೆ ತಿಳಿದದ್ದು ಆ ಚಳಿಗಾಲದಲ್ಲಿ. ಎರಡು ವರ್ಷದಿಂದ ಬೆಲ್ಟು ಕಟ್ಟಿಕೊಂಡು ಮುಚ್ಚಿಟ್ಟಿದ್ದನಂತೆ. ಊರವರ ಮೈಯೆಲ್ಲ ನೋಡಿದವನಿಗೆ ತನ್ನ ಮೈ ತೋರಿಸಲು ನಾಚಿಕೆ. ಒಂದು ಬೆಳಿಗ್ಗೆ ನೀರಿನ ಬಕೆಟ್ ಎತ್ತಿ ಅಲ್ಲೇ ಕುಸಿದು ಕೂತ. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ನಮ್ಮದೇ ವಾರ್ಡು, ಕಿಟಕಿ ಪಕ್ಕದ ಮಂಚ.

ಕ್ಷೌರಿಕನಿಗೆ ಕ್ಷೌರ ಯಾರು ಮಾಡಬೇಕು ಎಂಬುದೊಂದು ಸಮಸ್ಯೆಯಾಯಿತು. "ನಾನೇ ಮಾಡ್ಕೋತೀನಿ, ಕನ್ನಡಿ ಕೊಡಿ" ಎಂದ ಮಾವ. ದೊಡ್ಡ ಡಾಕ್ಟರು ಒಪ್ಪಲಿಲ್ಲ. ಮಾವನ ರಜೆಗೆಂದು ಒಬ್ಬ ಬದಲಿ ಕ್ಷೌರಿಕನನ್ನು ತೆಗೆದುಕೊಂಡಿದ್ದರು. ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟಿದ್ದ ದಪ್ಪ ಮನುಷ್ಯ. ಅವನಿಗೆ ಬಿಡದ ಕೆಮ್ಮು. ಕೆಮ್ಮಿದಾಗ ಹೆಗಲು ಅದುರುತ್ತಿತ್ತು, ಹೆಗಲು ಅದುರಿದಾಗ ಕೈಯೂ. ನಾನು ಪಕ್ಕದ ಮಂಚದ ಬ್ಯಾಂಡೇಜು ಬದಲಿಸುತ್ತಿದ್ದೆ. ಪರದೆ ಪೂರ್ತಿ ಮುಚ್ಚಿರಲಿಲ್ಲ. ಮಾವನ ಮುಖ ಮಾತ್ರ ಕಾಣುತ್ತಿತ್ತು.

ಬದಲಿಯವನು ನಿಯತ್ತಿನ ಮನುಷ್ಯ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಜಾಗದಲ್ಲೇ ಮಾಡಿದ. ಹೊಕ್ಕುಳಿಂದ ಕೆಳಗೆ ಒಂದು ಗೆರೆ ಎಳೆದು ನಿಲ್ಲಿಸಿ, ಒಮ್ಮೆ ಕೆಮ್ಮಿ ಕೇಳಿದ, "ಡಾಕ್ಟ್ರು, ನರ್ಸಮ್ಮಂದಿರು ಹೇಗೆ ನೋಡ್ಕೋತಿದಾರಣ್ಣ? ಸತ್ಯ ಹೇಳಿ. ಅಲುಗಾಡಬೇಡಿ."

ಮಾವನ ಹಣೆಯಲ್ಲಿ ಬೆವರು ಮೂಡಿತು. ಅವನು ಹೊದೆಯಲು ಹೊದಿಕೆ ಕೇಳಿ ಮೂರು ತಾಸಾಗಿತ್ತು, ನಾನೇ ಕೊಟ್ಟಿರಲಿಲ್ಲ. ಅವನು ಕತ್ತಿಯ ಕಡೆ ನೋಡಿದ. ಬದಲಿಯವನ ಎದೆಯಲ್ಲಿ ಇನ್ನೊಂದು ಕೆಮ್ಮು ಗೊರಗೊರ ಎನ್ನುತ್ತ ಮೇಲೇರುತ್ತಿತ್ತು.

"ದೇವರಂಥೋರು" ಎಂದ ಮಾವ.

ಠಣ್ ಎಂದಿತು. ನನಗೆ ನಗು ತಡೆಯಲಾಗದೆ ಬ್ಯಾಂಡೇಜಿನ ಉಂಡೆ ಕೈಜಾರಿ ಮಂಚದ ಕೆಳಗೆ ಉರುಳಿತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯನ್ನು ಈಗಲೂ ನಗುತ್ತಲೇ ಹೇಳುತ್ತಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಬೆನ್ನಿಗೆ ಮದ್ದು ಚುಚ್ಚಿದ್ದರಿಂದ ಸೊಂಟದ ಕೆಳಗೆ ಮರಗಟ್ಟಿತ್ತು. ಸಂಜೆಯವರೆಗೆ ಏಳುವ ಹಾಗಿರಲಿಲ್ಲ. ಮನೆಯವರನ್ನು ಬಿಡುವುದು ಸಂಜೆ ಮಾತ್ರ, ಹಾಗಾಗಿ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಧ್ಯಾಹ್ನದ ಮೇಲೆ ನನ್ನ ಜೊತೆಯವಳು ಒಬ್ಬನನ್ನು ಸ್ಕ್ಯಾನಿಗೆ ಕರೆದೊಯ್ದಳು, ವಾರ್ಡಿಗಿದ್ದ ಒಬ್ಬಳೇ ಆಯಾ ರಕ್ತ ತರಲು ಹೋದಳು. ಅದೇ ಹೊತ್ತಿಗೆ ಬಾಗಿಲ ಬಳಿಯ ಮಂಚದವನಿಗೆ ಹೊಲಿಗೆ ಬಿಚ್ಚಿ ರಕ್ತ ಹರಿಯತೊಡಗಿತು. ನಾನು ಎರಡೂ ಕೈಯಿಂದ ಗಾಯ ಒತ್ತಿ ಹಿಡಿದು ಡಾಕ್ಟರಿಗಾಗಿ ಕೂಗುತ್ತಿದ್ದೆ.

ಕಿಟಕಿಯ ಕಡೆಯಿಂದ "ಸಿಸ್ಟರ್" ಎಂದು ಮಾವನ ದನಿ ಕೇಳಿತು. ಆಸ್ಪತ್ರೆಯೊಳಗೆ ಅವನು ನನ್ನನ್ನು ಎಂದೂ ಬೇರೆ ಹೆಸರಿನಿಂದ ಕರೆದವನಲ್ಲ. ಕೆಲಸದ ಮರ್ಯಾದೆ ಅದು ಎನ್ನುತ್ತಿದ್ದ. "ಸಿಸ್ಟರ್, ಪಾಟ್ ಬೇಕಿತ್ತು." ಬಂದೆ ಎಂದೆ. ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು. ಮತ್ತೆ "ಸಿಸ್ಟರ್" ಎಂದ, ಮತ್ತೆ ಬಂದೆ ಎಂದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಸಣ್ಣ ದನಿಯಲ್ಲಿ, "ಪುಟ್ಟೀ" ಎಂದ.

ಅದಾದ ಮೇಲೆ ಕರೆಯಲಿಲ್ಲ.

ಡಾಕ್ಟರು ಬಂದು ಕೈ ಬಿಡಿಸಿಕೊಂಡು ನಾನು ಓಡುವಾಗ ಅವನ ಪಕ್ಕದ ಮಂಚದವನು ಮಾತಾಡುತ್ತಿದ್ದ. ಕಟ್ಟಡಕ್ಕೆ ಬಣ್ಣ ಹೊಡೆಯುವವನು, ಹಿಂದಿನ ವಾರ ಮಾವನೇ ಅವನ ಹೊಟ್ಟೆ ಬೋಳಿಸಿದ್ದ.

"ಯಾರೂ ಬರಲ್ಲಣ್ಣ. ಆದದ್ದಾಯ್ತು, ಬಿಡಿ. ಮೊನ್ನೆ ನನಗೂ ಹಿಂಗೇ ಆಯ್ತು."

"ಮತ್ತೆ ಬಹಳ ಚೆನ್ನಾಗಿ ನೋಡ್ಕೋತಾರೆ ಅಂತ ನನಗೆ ಹೇಳಿದ್ರಲ್ಲ?"

"ನಿಮ್ಮ ಕೈಲಿ ಕತ್ತಿ ಇತ್ತಲ್ಲಣ್ಣ."

ಮಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ನಾನು ಒದ್ದೆ ಹಾಸಿಗೆ ತೆಗೆದು, ಮೈ ಒರೆಸಿ, ಒಣ ಬಟ್ಟೆ ಹಾಕಿದೆ. ನನ್ನನ್ನು ಸಾಕಿದ ಮನುಷ್ಯ. ನನಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಇದೇ ಆಸ್ಪತ್ರೆಗೆ ಓಡಿ ಬಂದವನು. ಅವನು ಕರೆದಾಗ ನಾನು ಹತ್ತು ಮಾರು ದೂರದಲ್ಲಿದ್ದೂ ಹೋಗಲಾಗಲಿಲ್ಲ. ನನಗೆ ಅವನ ಮೇಲೆ, ಡಬ್ಬಿಯ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂದು ಕಣ್ಣು ತುಂಬಿತು. ಅವನು ನನ್ನ ಕಡೆ ನೋಡದೆ ಕೇಳಿದ, "ಆ ಬಾಗಿಲ ಹತ್ರದವನು ಉಳಿದನಾ?" ಉಳಿದ ಎಂದೆ. "ಹಾಗಾದ್ರೆ ಸರಿ" ಎಂದ.

ಒಂದೂವರೆ ತಿಂಗಳ ಮೇಲೆ ಮಾವ ಕೆಲಸಕ್ಕೆ ಮರಳಿದ. ಮೀಸೆಗೆ ಕಪ್ಪು ಹಚ್ಚಿರಲಿಲ್ಲ. ಬಂದವನೇ ಮೊದಲು ಮಾಡಿದ ಕೆಲಸ, ಅಳುಮೋರೆ ಡಬ್ಬಿಯಿಂದ ಪಟಿಕದ ಗಡ್ಡೆ ತೆಗೆದು ಜೇಬಿಗೆ ಹಾಕಿಕೊಂಡು, ಡಬ್ಬಿ ತೊಳೆದು ಒರೆಸಿ, ಸೀಳಿರುವ ಮುಚ್ಚಳ ಮತ್ತೆ ಹಾಕಿದ್ದು. ಕ್ಷೌರದ ಹೊತ್ತಿನಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಆಪರೇಷನ್ ಆಗಿ ಎರಡು ಮೂರು ದಿನ ಕಳೆದ ಮೇಲೆ ರೋಗಿಯ ಬಳಿ ಹೋಗಿ, ಸ್ಟೂಲು ಎಳೆದು ಕೂತು, ಎರಡೂ ಅಂಗೈ ಬಿಡಿಸಿ ತೋರಿಸುವನು. "ನೋಡಿ, ಏನೂ ಇಲ್ಲ. ಈಗ ಹೇಳಿ."

ಅವರು ಹೇಳಿದರು. ಕರೆದರೆ ಯಾರೂ ಬರುವುದಿಲ್ಲ ಎಂದರು. ನೋವಿನ ಮಾತ್ರೆ ಕೇಳಿದ್ದು ಬೆಳಿಗ್ಗೆ, ಬಂದದ್ದು ಸಂಜೆ ಎಂದರು. ಡಾಕ್ಟರು ಬರುವುದು ಗೊತ್ತಾಗುತ್ತದೆ, ಹೋಗುವುದು ಗೊತ್ತಾಗುವುದಿಲ್ಲ, ಅಷ್ಟು ಬೇಗ ಎಂದರು. ಆ ಲಾರಿ ಡ್ರೈವರು ಮತ್ತೆ ಡಾಕ್ಟರಿಗೆ ತೋರಿಸಲು ಬಂದಿದ್ದವನು ದಾರಿಯಲ್ಲಿ ಮಾವನನ್ನು ಹಿಡಿದು ನಿಲ್ಲಿಸಿ, ಹಳೇ ಬಾಕಿಯನ್ನೆಲ್ಲ ಒಂದೇ ಉಸಿರಿನಲ್ಲಿ ತೀರಿಸಿಕೊಂಡು ಹೋದ. ಆದರೆ ಬಹಳ ಜನ ಕೊನೆಗೊಂದು ಮಾತು ಸೇರಿಸುತ್ತಿದ್ದರು: "ಸಿಸ್ಟರ್ ಒಳ್ಳೇವ್ರೇ ಅಣ್ಣ, ಪಾಪ. ಇಬ್ಬರೇ ಏನು ಮಾಡ್ತಾರೆ?" ಈ ಮಾತಿಗೆ ಮಾತ್ರ ಡಬ್ಬಿ ಇರಲಿಲ್ಲ.

ಅಳುಮೋರೆ ಡಬ್ಬಿ ಎರಡು ವಾರದಲ್ಲಿ ತುಂಬಿತು. ನಾನು ಕಪಾಟಿನ ಖಾನೆಯಿಂದ ಛತ್ರಿ ತೆಗೆಸಿದೆ.

ದೊಡ್ಡ ಡಾಕ್ಟರು ಮಾವನನ್ನೂ ನರ್ಸುಗಳಾದ ನಮ್ಮಿಬ್ಬರನ್ನೂ ಕರೆಸಿದರು. ಅವರ ಮುಖ ಮೂರನೇ ಡಬ್ಬಿಯ ಮುಖದಂತೆಯೇ ಇತ್ತು. "ಏನಾಯ್ತು ನಿಮ್ಮ ವಾರ್ಡಿಗೆ? ಹೋದ ತಿಂಗಳವರೆಗೂ ದೇವರಾಗಿದ್ರಿ!"

ಮಾವ ಕೈಕಟ್ಟಿ ನಿಂತು ಹೇಳಿದ, "ಸರ್, ಅವರು ಸಿಸ್ಟರ್‌ನ ಬೈತಿಲ್ಲ. ಜನ ಸಾಲದು ಅಂತಿದಾರೆ. ಇನ್ನೊಬ್ಬರು ಬಂದ್ರೆ..."

"ಡಬ್ಬಿಲಿರೋದು ಬಿಲ್ಲೆ. ಬಿಲ್ಲೆ ಅಷ್ಟೆಲ್ಲ ಮಾತಾಡುತ್ತಾ? ಆರೈಕೆ ಚೆನ್ನಾಗಿಲ್ಲ ಅಂತ ಬಂದಿದೆ. ಅದನ್ನ ನಾನು ಹಾಗೇ ಮೇಲೆ ಕಳಿಸಿದೀನಿ."

ಮೇಲಿನ ಕಚೇರಿಯವರು ತಡಮಾಡಲಿಲ್ಲ. ರೋಗಿಗಳೊಂದಿಗೆ ನಗುಮುಖದಿಂದ ವರ್ತಿಸುವುದು ಹೇಗೆ ಎಂಬ ಬಗ್ಗೆ ನಮ್ಮಿಬ್ಬರಿಗೂ ಇಡೀ ದಿನದ ತರಬೇತಿ ಏರ್ಪಡಿಸಿದರು. ಆ ದಿನ ವಾರ್ಡಿನಲ್ಲಿ ನರ್ಸೇ ಇರಲಿಲ್ಲ. ಪಕ್ಕದ ವಾರ್ಡಿನವಳು ಆಗಾಗ ಇಣುಕಿ ಹೋದಳಂತೆ. ನಾವು ದೊಡ್ಡ ಹಾಲಿನಲ್ಲಿ ಕನ್ನಡಿ ಹಿಡಿದು, ಹಲ್ಲು ಎಷ್ಟು ಕಾಣಬೇಕು ಎಂದು ಕಲಿತೆವು. ಆ ದಿನದ ಬಿಲ್ಲೆಗಳು ಯಾವ ಡಬ್ಬಿಗೆ ಬಿದ್ದವು ಎಂದು ಹೇಳುವ ಅಗತ್ಯವಿಲ್ಲ. ಗಾಯದ ಮೇಲೆ ಬರೆ ಎಂಬಂತೆ, ಮಾವನ ಪ್ರಶಸ್ತಿಪತ್ರ ಹಿಂದಿರುಗಿಸಬೇಕೆಂದು ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿದರು. ಮೊಳೆ ಕೀಳಬೇಡಿ, ಛತ್ರಿ ನೇತುಹಾಕಬಹುದು ಎಂದಳು ಅತ್ತೆ.

ಆದರೂ ಕೂಗು ಮೇಲಕ್ಕೆ ಮುಟ್ಟಿತ್ತು. ಮಾವ ನಿವೃತ್ತನಾದ ತಿಂಗಳೇ ನಮ್ಮ ವಾರ್ಡಿಗೆ ಹೊಸದಾಗಿ ಒಬ್ಬರನ್ನು ನೇಮಿಸಿದ್ದಾರೆಂಬ ಸುದ್ದಿ ಬಂತು. ನಾನೂ ಜೊತೆಯವಳೂ ಬಾಗಿಲಲ್ಲೇ ಕಾದೆವು. ಬಂದವಳು ಚಿಕ್ಕ ವಯಸ್ಸಿನ, ಮೃದು ಮಾತಿನ ಹೆಣ್ಣುಮಗಳು. ನರ್ಸಲ್ಲ. ತೃಪ್ತಿ ಅಧಿಕಾರಿ. ಅವಳಿಗೆ ಒಂದು ಮೇಜು, ಒಂದು ಕುರ್ಚಿ, ಅದೇ ಮೂರು ಡಬ್ಬಿ. ಮೇಜು ಹಾಕಲು ಜಾಗ ಸಾಲದೆ ಬೆಡ್‌ಪ್ಯಾನ್ ಇಡುವ ಸ್ಟ್ಯಾಂಡನ್ನು ಹೊರಗಿನ ಕಾರಿಡಾರಿಗೆ ಸಾಗಿಸಿದರು. ಪಾಪದ ಹುಡುಗಿ, ಅವಳ ತಪ್ಪೇನೂ ಇರಲಿಲ್ಲ. ಸಹಾಯ ಮಾಡಲು ಎರಡು ಸಲ ಎದ್ದಿದ್ದಳು. ನಿಮ್ಮ ಕೆಲಸ ಅಳೆಯುವುದು, ಮಾಡುವುದಲ್ಲ ಎಂದು ದೊಡ್ಡ ಡಾಕ್ಟರು ಕೂರಿಸಿದರು.

ಮಾವ ಮನೆಯಲ್ಲಿ ಒಂದು ವಾರ ಕೂತ. ಎರಡನೇ ವಾರ ಅತ್ತೆಯ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದ. ಮೂರನೇ ವಾರ ಅವಳೇ ಅವನನ್ನು ಹೊರಗೆ ಅಟ್ಟಿದಳು. ಅವನು ನೇರ ಆಸ್ಪತ್ರೆಗೆ ಬಂದ. ಕಾವಲುಗಾರ ತಡೆಯಲಿಲ್ಲ, ತಡೆಯುವುದು ಅವನಿಗೆ ಹೊಳೆಯಲೂ ಇಲ್ಲ. ಪರಿಚಯದವರನ್ನು ನೋಡಿ ಹೋಗೋಣ ಅಂತ ಬಂದೆ ಎಂದ ಮಾವ. ಆದರೆ ಕೂತದ್ದು ಗುರುತಿಲ್ಲದ ಒಬ್ಬ ಮುದುಕನ ಬಳಿ. ಆ ಮುದುಕ "ಸಿಸ್ಟರ್" ಎನ್ನುವಷ್ಟರಲ್ಲಿ ಮಾವ ಕಾರಿಡಾರಿಗೆ ಹೋಗಿ ಪಾಟ್ ತಂದಿದ್ದ.

ಅಂದಿನಿಂದ ದಿನಾ ಮಧ್ಯಾಹ್ನ ಬರತೊಡಗಿದ. ಪಾಟ್ ಕೊಡುವುದು, ತೊಳೆಯುವುದು, ದಿಂಬು ಎತ್ತರಿಸುವುದು, ಗ್ಲೂಕೋಸು ಮುಗಿಯುತ್ತಿದ್ದರೆ ನನಗೆ ಕಣ್ಸನ್ನೆ ಮಾಡುವುದು. ಸೂಜಿ ಮುಟ್ಟುತ್ತಿರಲಿಲ್ಲ, ಮಾತ್ರೆ ಮುಟ್ಟುತ್ತಿರಲಿಲ್ಲ. ತನ್ನ ಗೆರೆ ಯಾವುದೆಂದು ಅವನಿಗೆ ಗೊತ್ತಿತ್ತು. ನನಗೆ ಮೊದಲ ಸಲ ಫ್ಯಾನಿನ ಕೆಳಗೆ ನಿಂತು ನೀರು ಕುಡಿಯಲು ಸಮಯ ಸಿಕ್ಕಿತು. ಆಗಲೇ ಆ ಸದ್ದು ಕಿವಿಗೆ ಬಿದ್ದದ್ದು. ಠಣ್, ಠಣ್. ತಿರುಗಿ ನೋಡಿದರೆ ಎಲ್ಲವೂ ನಗುಮುಖಕ್ಕೆ. ಈ ಸಲ ಯಾರ ಕೈಯಲ್ಲೂ ಕತ್ತಿ ಇರಲಿಲ್ಲ. ರೋಗಿಗಳು ಸತ್ಯವನ್ನೇ ಹೇಳುತ್ತಿದ್ದರು.

ಆ ಸಂಜೆ ಮನೆಗೆ ನಡೆದು ಹೋಗುವಾಗ ಹೇಳಿಯೇಬಿಟ್ಟೆ, "ಮಾವ, ನಾಳೆಯಿಂದ ಬರಬೇಡ."

"ಯಾಕೆ, ಅಡ್ಡ ಬರ್ತಿ‌ದೀನಾ?"

"ಅಡ್ಡವೇ. ನೀನು ಪಾಟ್ ಕೊಡ್ತೀಯ, ಅವರು ನಗುಮುಖ ಅಂತಾರೆ, ಮೇಲಿನೋರು ನೋಡಿ, ಸರಿಹೋಯ್ತಲ್ಲ, ನರ್ಸು ಯಾಕೆ ಅಂತಾರೆ. ಎರಡು ತಿಂಗಳು ಈ ಕಡೆ ತಲೆ ಹಾಕಬೇಡ. ಅಳುಮೋರೆ ಡಬ್ಬಿ ತುಂಬಲಿ. ಎಷ್ಟು ಸಲ ಅಂತ ತರಬೇತಿ ಕೊಡ್ತಾರೆ? ಕೊನೆಗೆ ಕಳಿಸಲೇಬೇಕು."

"ಅದು ತುಂಬೋವರೆಗೆ ಅವರೆಲ್ಲ ಒದ್ದೇಲಿ ಮಲಗಿರಬೇಕಾ ಪುಟ್ಟಿ?"

ಹೌದು ಎಂದೆ. ನಾನು ನರ್ಸು, ಆ ಮಾತನ್ನು ನಾನು ಹೇಳಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮೂರನೆಯವಳು ಬಂದರೆ ಮುಂದೆ ನೂರಾರು ಜನಕ್ಕೆ ಒಳ್ಳೆಯದು, ಅದಕ್ಕಾಗಿ ಈಗ ಕೆಲವರು ತಡೆದುಕೊಳ್ಳಬೇಕು. ಮಾವ ತಲೆಯಾಡಿಸಿದ. "ನೀನು ಓದಿದೋಳು. ಆಯ್ತು, ಬರಲ್ಲ" ಎಂದ.

ಮಾರನೆಯ ದಿನ ಬರಲಿಲ್ಲ. ಜೊತೆಯವಳು ಸ್ಕ್ಯಾನಿಗೆ ಹೋದಳು. ನಾನು ಒಬ್ಬನ ಕೈಯಲ್ಲಿ ಸಿಗದ ನರ ಹುಡುಕುತ್ತ ಬಗ್ಗಿದ್ದೆ. ಕಿಟಕಿ ಪಕ್ಕದ ಮಂಚದಿಂದ, ಮಾವ ಮಲಗಿದ್ದ ಅದೇ ಮಂಚದಿಂದ, ಒಬ್ಬ ಅಜ್ಜ "ಸಿಸ್ಟರ್" ಎಂದ. ಬಂದೆ ಎಂದೆ. ಮತ್ತೆ ಕರೆದ. ತೃಪ್ತಿ ಅಧಿಕಾರಿ ಮೇಜಿನ ಹಿಂದೆ ಕೂತು ಉಗುರು ಕಚ್ಚುತ್ತಿದ್ದಳು. ಇರಲಿ, ಒಂದು ಬಿಲ್ಲೆ ಎಂದುಕೊಂಡೆ ಮನಸ್ಸಿನಲ್ಲಿ. ಅಜ್ಜ ಮೂರನೇ ಸಲ ಕರೆಯಲಿಲ್ಲ. ಆ ಮೌನ ನನಗೆ ಗುರುತಿತ್ತು.

ತಿರುಗಿ ನೋಡಿದೆ. ಮಾವ ಅಜ್ಜನಿಗೆ ಪರದೆ ಎಳೆದು, ಪಾಟ್ ಹಿಡಿದು, ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತಿದ್ದ.

"ಪಟಿಕ ಮರೆತು ಹೋಗಿದ್ದೆ" ಎಂದ. "ತಗೊಂಡು ಹೋಗೋಣ ಅಂತ ಬಂದೆ."

ಪಟಿಕ ಅವನ ಜೇಬಿನಲ್ಲೇ ಇತ್ತು, ಗಡ್ಡೆಯ ಉಬ್ಬು ದೂರಕ್ಕೇ ಕಾಣುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳದ ಬದಲು ಅಳು ಬರುವ ಹಾಗಾಯಿತು, ಹಾಗಾಗಿ ಬಗ್ಗಿ ಮತ್ತೆ ನರ ಹುಡುಕಿದೆ. ಈ ಸಲ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ತೃಪ್ತಿ ಅಧಿಕಾರಿ ಡಬ್ಬಿಗಳನ್ನು ಹಿಡಿದು ಅಜ್ಜನ ಬಳಿ ಹೋದಳು. "ಇಲ್ಲಿ ಹೇಗೆ ನೋಡ್ಕೋತಿದಾರೆ ಅಜ್ಜ?"

"ಅದೇನು ಹೇಳಲಿ ತಾಯಿ" ಎಂದ ಅಜ್ಜ. "ಕರೆದು ಬಾಯಿ ಮುಚ್ಚೋದ್ರೊಳಗೆ ಬರ್ತಾರೆ."

ಠಣ್.

ಮಾವ ಪಾಟ್ ತೊಳೆಯಲು ಹೋದ. ಮೂರನೇ ನರ್ಸು ಇವತ್ತಿಗೂ ಬಂದಿಲ್ಲ. ನಮ್ಮ ವಾರ್ಡಿಗೆ ಅದರ ಅಗತ್ಯವಿಲ್ಲವಂತೆ.